ಸೆಸ್ನಾ 150ರ ಪ್ಲಗ್ ಕಾಟ ಕೊನೆಗೂ ತಪ್ತು: ನನ್ನ ಅನುಭವ

ಎರಡು ವರ್ಷ ತಲೆ ತಿಂದಿದ್ದ ನನ್ನ ಪುಟ್ಟ ವಿಮಾನದ ಸ್ಪಾರ್ಕ್ ಪ್ಲಗ್ ಕಾಟ ಈಗಿಲ್ಲ. ಮೊನ್ನೆ ಆನ್ಯುಯಲ್‌ಗೆ (ವರ್ಷಕ್ಕೊಮ್ಮೆಯ ತಪಾಸಣೆ) ಎಂಟೂ ಪ್ಲಗ್ ಬಿಚ್ಚಿ ಟ್ರೇನಲ್ಲಿ ಜೋಡಿಸಿಟ್ಟಿದ್ದೆ, ಮೆಕ್ಯಾನಿಕ್ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ "ಹೊಸದು ಹಾಕಿದ್ಯಾ?" ಅಂದ. ಅವು ಅರವತ್ತು ಗಂಟೆ ಹಾರಿದ ಪ್ಲಗ್‌ಗಳು. ಇದೇ ಮನುಷ್ಯ ಹೋದ ವರ್ಷ "ನೆಲದ ಮೇಲೆ ಲೀನ್ ಮಾಡಿದ್ರೆ (ಅಂದ್ರೆ ಗಾಳಿಗೆ ಬೆರೆಯೋ ಪೆಟ್ರೋಲ್ ಕಮ್ಮಿ ಮಾಡಿದ್ರೆ) ವಾಲ್ವ್ ಸುಟ್ಕೊಳ್ತೀಯ" ಅಂತ ಹ್ಯಾಂಗರ್‌ನಲ್ಲಿ ಎಲ್ಲರ ಮುಂದೆ ಹೇಳಿದ್ದ, ಅದಕ್ಕೇ ಬರೀತಿದ್ದೀನಿ.

ನಂದು 1974ರ ಸೆಸ್ನಾ 150, ಎರಡು ಸೀಟಿನ ವಿಮಾನ, ಒ-200 ಇಂಜಿನ್, ನಾಲ್ಕು ಸಿಲಿಂಡರ್, ಒಂದೊಂದಕ್ಕೆ ಮೇಲೊಂದು ಕೆಳಗೊಂದು ಪ್ಲಗ್, ಇಲ್ಲಿ ಅಮೆರಿಕದ ಒಹಾಯೋದ ಒಂದು ಸಣ್ಣ ಏರ್‌ಪೋರ್ಟಲ್ಲಿ ಇಟ್ಟಿದ್ದೀನಿ. ಈ ಇಂಜಿನ್ ಹುಟ್ಟಿದ್ದು 80 ಆಕ್ಟೇನ್ ಪೆಟ್ರೋಲ್ ಕಾಲಕ್ಕೆ, ನಾವು ಕುಡಿಸ್ತಿರೋದು 100 ಎಲ್‌ಎಲ್ ಅನ್ನೋ ವಿಮಾನದ ಪೆಟ್ರೋಲ್. ಹೆಸರಿಗೆ ಲೋ ಲೆಡ್, ಆದ್ರೆ ಹಳೇ 80ಕ್ಕಿಂತ ಸುಮಾರು ನಾಲ್ಕು ಪಟ್ಟು ಸೀಸ. ಅದು ಕೆಳಗಿನ ನಾಲ್ಕು ಪ್ಲಗ್ ಒಳಗೆ ರಾಗಿಕಾಳಿನ ಹಾಗೆ ಬೂದು ಬೂದು ಗುಂಡಾಗಿ ಕೂತ್ಕೊಳ್ಳುತ್ತೆ. ರನ್‌ಅಪ್‌ಗೆ (ಹಾರೋ ಮುಂಚಿನ ಇಂಜಿನ್ ಪರೀಕ್ಷೆ) 1700 ಆರ್‌ಪಿಎಂ ಇಟ್ಟು, ಪ್ಲಗ್‌ಗೆ ಕಿಡಿ ಕೊಡೋ ಎರಡು ಮ್ಯಾಗ್ನೆಟೋಗಳಲ್ಲಿ ಒಂದರ ಮೇಲೆ ಮಾತ್ರ ಓಡಿಸಿದ್ರೆ ಆರ್‌ಪಿಎಂ 200ರ ತನಕ ಡ್ರಾಪ್ (150 ದಾಟಬಾರದು), ಇಂಜಿನ್ ಗಡಗಡ, ವಾಪಸ್ ಹ್ಯಾಂಗರ್‌ಗೆ.

ಮೊದಲು ಮಾಡಿದ ತಪ್ಪು ವೈರ್ ಬ್ರಶ್. ಅರಸೀಕೆರೇಲಿ ಅಪ್ಪನ ಲೂನಾ ಪ್ಲಗ್ ಉಜ್ಜಿ ಬೆಳೆದವನು, ಇಲ್ಲೂ ಹಾಗೇ ಉಜ್ಜಿದೆ, ಪಿಂಗಾಣಿ ಮೇಲೆ ಲೋಹದ ಗೆರೆ ಬಿದ್ದು ಎರಡು ಪ್ಲಗ್ ಕಸದ ಬುಟ್ಟಿಗೆ, ಒಂದೊಂದಕ್ಕೆ 40 ಡಾಲರ್ ಹತ್ರ. ಆಮೇಲೆ ಒಂದು ಶಾಪ್‌ನವರು ಮ್ಯಾಗ್ನೆಟೋನೇ ಕೆಟ್ಟಿದೆ ಅಂತ ಬಿಚ್ಚಿ ಕಟ್ಟಿ 900 ಡಾಲರ್ ಬಿಲ್ ಕೊಟ್ರು, ಮೂರನೇ ಹಾರಾಟಕ್ಕೆ ಮತ್ತೆ ಅದೇ ಗಡಗಡ. ಆ ದಿನ ನಿಜಕ್ಕೂ ಹೊಟ್ಟೆ ಉರೀತು. ಪೆಟ್ರೋಲ್‌ಗೆ ಬೆರೆಸೋ, ಸೀಸ ಕೂರದ ಹಾಗೆ ಮಾಡೋ ಟಿಸಿಪಿ ಅನ್ನೋ ರಾಸಾಯನಿಕ ಕೂಡ ಹಾಕಿ ನೋಡ್ದೆ, ಕೆಲಸ ಮಾಡುತ್ತೆ, ಆದ್ರೆ ಅದು ವಿಷ, ಪ್ರತಿ ಸಲ ಗ್ಲೌಸ್ ಹಾಕ್ಕೊಂಡು ಅಳೆದು ಹಾಕೋದು ನನಗೆ ಸರಿ ಬರ್ಲಿಲ್ಲ.

ಈಗ ಮಾಡೋದು ಇಷ್ಟೇ. ಸ್ಟಾರ್ಟ್ ಆಗಿ ಆಯಿಲ್ ಪ್ರೆಶರ್ ಬಂದ ತಕ್ಷಣ ಮಿಕ್ಸ್ಚರ್ (ಪೆಟ್ರೋಲ್ ಕಮ್ಮಿ ಮಾಡೋ ಗುಂಡಿ) ಎಳೀತೀನಿ, ಆರ್‌ಪಿಎಂ ಏರಿ ಮತ್ತೆ ಇಳಿಯೋಕೆ ಶುರುವಾಗೋ ತನಕ. ಅರ್ಧಂಬರ್ಧ ಎಳೀಬೇಡಿ, ಮರೆತು ಹಾಗೇ ಟೇಕಾಫ್‌ಗೆ ಹೋಗಿಬಿಡ್ತೀರ, ಅಪಾಯ ಇರೋದೇ ಅಲ್ಲಿ. ಆರ್‌ಪಿಎಂ ಇಳಿಯೋ ತನಕ ಎಳೆದಿದ್ರೆ ಮರೆತು ಥ್ರಾಟಲ್ ಕೊಟ್ಟರೂ ಇಂಜಿನ್ ಮುಗ್ಗರಿಸಿ ತಾನೇ ನೆನಪು ಮಾಡುತ್ತೆ. ಐಡಲ್ 700 ಅಲ್ಲ, 1000ದ ಮೇಲೆ, ಪ್ಲಗ್ ತಣ್ಣಗಿದ್ರೆ ಸೀಸ ಹೊಗೆ ಜೊತೆ ಹೊರಗೆ ಹೋಗಲ್ಲ. ಆಫ್ ಮಾಡೋ ಮುಂಚೆ 1800ಕ್ಕೆ ಹದಿನೈದು ಸೆಕೆಂಡ್. ನೆಲದ ಮೇಲಿನ ಇಷ್ಟು ಕಮ್ಮಿ ಪವರ್‌ನಲ್ಲಿ ಲೀನ್ ಮಾಡಿದ್ರೆ ಯಾವ ವಾಲ್ವೂ ಸುಡಲ್ಲ, ಅಷ್ಟು ಶಾಖವೇ ಅಲ್ಲಿರಲ್ಲ.

25 ಗಂಟೆಗೆ ಆಯಿಲ್ ಇಳಿಸೋವಾಗ ಕೆಳಗಿನ ನಾಲ್ಕು ಬಿಚ್ತೀನಿ. ತೆಳ್ಳನೆ ಪಿಕ್‌ನಿಂದ ಗುಂಡನ್ನ ಪಕ್ಕಕ್ಕೆ ಒತ್ತಿದ್ರೆ ಚಟ್ ಅಂತ ಒಡೆದು ಉದುರುತ್ತೆ, ಪಿಂಗಾಣಿಗೆ ತಾಗಬಾರದು. ತೀರಾ ಒಳಗೆ ಅಂಟಿರೋದನ್ನ ತೆಗೆಯೋಕೆ ನಂದೇ ಒಂದು ಉಪಾಯ ಇದೆ, ಅದನ್ನ ಇಲ್ಲಿ ಬರೆಯಲ್ಲ, ಹ್ಯಾಂಗರ್‌ಗೆ ಬಂದವರಿಗೆ ತೋರಿಸ್ತೀನಿ. ಗ್ಯಾಪ್ 16 ಥೌ (ಇಂಚಿನ ಸಾವಿರದಲ್ಲಿ 16 ಭಾಗ), ಪ್ಲಗ್‌ನ ರೆಸಿಸ್ಟೆನ್ಸ್ ಮೀಟರ್‌ನಲ್ಲಿ 5000 ಓಮ್ ದಾಟಿದ್ರೆ ಬುಟ್ಟಿಗೆ, ಕೈ ಜಾರಿ ಬಿದ್ದದ್ದೂ ಬುಟ್ಟಿಗೆ. ಕೆಳಗಿಂದು ಮೇಲಕ್ಕೆ, ಮೇಲಿಂದು ಕೆಳಕ್ಕೆ, ಹೊಸ ಕಾಪರ್ ಗ್ಯಾಸ್ಕೆಟ್, ಟಾರ್ಕ್ ರೆಂಚ್. ಇಲ್ಲಿ ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್ ಇದ್ದು ವಿಮಾನ ನಮ್ಮದೇ ಆಗಿದ್ರೆ ಇದನ್ನೆಲ್ಲ ನಾವೇ ಮಾಡಬಹುದು, ಲಾಗ್‌ಬುಕ್‌ಗೆ ಬರೆದು ಸೈನ್ ಹಾಕೋದು ಮಾತ್ರ ಬಿಡಬೇಡಿ.

ಮಧ್ಯೆ ಕಾರಿನ ಪೆಟ್ರೋಲೂ ಟ್ರೈ ಮಾಡ್ದೆ, ಅದಕ್ಕೆ ಬೇಕಾದ ಸರ್ಕಾರಿ ಅನುಮತಿ (ಎಸ್‌ಟಿಸಿ) ತಗೊಂಡೇ. ಪ್ಲಗ್ ಚಿನ್ನದ ಹಾಗಿದ್ವು, ಆದ್ರೆ ಎಥನಾಲ್ ಇಲ್ಲದ ಬಂಕ್ ಇಪ್ಪತ್ತು ಮೈಲಿ ದೂರ, ಐದೈದು ಗ್ಯಾಲನ್ ಕ್ಯಾನ್ ಹೊತ್ತು ಬೆನ್ನು ಹಿಡ್ಕೊಳ್ತು, ಬಿಟ್ಟೆ. 

ಹೋದ ವರ್ಷ ಇಗ್ನಿಷನ್‌ಗೇ 1400 ಡಾಲರ್ ಹತ್ರ ಸುರಿದಿದ್ದೆ, ಈ ವರ್ಷ ಬರೀ ಗ್ಯಾಸ್ಕೆಟ್ ಖರ್ಚು. ಡ್ರಾಪ್ ಈಗ ಒಂದು ಮ್ಯಾಗ್ನೆಟೋದಲ್ಲಿ 50, ಇನ್ನೊಂದರಲ್ಲಿ 60. ವಾಲ್ವ್ ಸುಟ್ಟಿದ್ರೆ ಕಂಪ್ರೆಶನ್ (ಸಿಲಿಂಡರ್ ಹಿಡಿದಿಡೋ ಒತ್ತಡ) ಬೀಳಬೇಕಿತ್ತು, ಆದ್ರೆ ಮೂರನೇ ಸಿಲಿಂಡರ್‌ದು ಹೋದ ಸಲ 80ಕ್ಕೆ 68 ಇತ್ತು, ಈ ಸಲ 74 ಬಂತು. ವಾಲ್ವ್ ಸುಡುತ್ತೆ ಅಂದಿದ್ದವನೇ ಆ 74ನ್ನ ಲಾಗ್‌ಬುಕ್‌ಗೆ ಬರೆದ.