ಗದ್ದದ ಕೂದಲು: ನಾನು ಹಿಡಿದ ದಾರಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಶಾಲೆಯಲ್ಲಿ ನಾನು ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತೇನೆ. ಒಂದನೇ ಕ್ಲಾಸಿನ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವಾಗ ಅವರ ಕಣ್ಣು ಪುಸ್ತಕದ ಮೇಲೆ ಇರುವುದಿಲ್ಲ. ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಅದಕ್ಕೇ ಎಷ್ಟೋ ವರ್ಷ ನಾನು ಕಿಟಕಿಗೆ ಬೆನ್ನು ಹಾಕಿ ಕೂತೆ. ಗದ್ದದ ಮೇಲೆ ಬೆಳಕು ಬೀಳಬಾರದು, ಅಷ್ಟೇ ನನ್ನ ಲೆಕ್ಕ.

ಮೊದಲ ಕೂದಲು ಕಂಡದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ. ಗದ್ದದ ಎಡಕ್ಕೆ ಒಂದೇ ಒಂದು, ದಪ್ಪ, ಕಪ್ಪು. ಚಿಮಟದಲ್ಲಿ ಕಿತ್ತು ಹಾಕಿದೆ. ಮೂರು ವಾರಕ್ಕೆ ಮತ್ತೆ ಬಂತು, ಪಕ್ಕದಲ್ಲಿ ಇನ್ನೆರಡು. ಮಗಳು ಹುಟ್ಟಿದ ಮೇಲೆ ಎಣಿಸುವುದನ್ನು ಬಿಟ್ಟೆ.

ಆಮೇಲೆ ಪಾರ್ಲರ್. ಹದಿನೈದು ದಿನಕ್ಕೊಮ್ಮೆ ಥ್ರೆಡ್ಡಿಂಗ್. ಪಾರ್ಲರಿನ ಹುಡುಗಿ ಮಲಯಾಳಿ, ಒಳ್ಳೆಯವಳು. 'ಚೇಚಿ (ಅಕ್ಕಾ), ಗದ್ದಕ್ಕೂ ಮಾಡಲಾ?' ಎಂದು ಮೆಲ್ಲಗೆ ಕೇಳುತ್ತಿದ್ದಳು, ಪಕ್ಕದಲ್ಲಿ ಕೂತವರಿಗೆ ಕೇಳಿಸದ ಹಾಗೆ. ಮೇಲ್ತುಟಿಯ ಸಣ್ಣ ಕೂದಲಿಗೆ ನೂಲು ಚೆನ್ನಾಗಿಯೇ ಕೆಲಸ ಮಾಡಿತು. ಗದ್ದದಲ್ಲಿ ಹಾಗಾಗಲಿಲ್ಲ. ದಪ್ಪ ಕೂದಲನ್ನು ಮತ್ತೆ ಮತ್ತೆ ಕಿತ್ತರೆ ಕೆಲವು ಚರ್ಮದೊಳಗೇ ತುಂಡಾಗುತ್ತವೆ, ಒಳಗೇ ಬಾಗಿ ಬೆಳೆಯುತ್ತವೆ. ಕೆಂಪು ಗುಳ್ಳೆ ಏಳುತ್ತದೆ. ಗುಳ್ಳೆ ಒಣಗಿದರೆ ಕಪ್ಪು ಕಲೆ ಉಳಿಯುತ್ತದೆ. ನಮ್ಮಂಥ ಕಂದು ಚರ್ಮಕ್ಕೆ ಆ ಕಲೆ ಬೇಗ ಬರುತ್ತದೆ, ತಿಂಗಳುಗಟ್ಟಲೆ ಹೋಗುವುದಿಲ್ಲ. ನಾಲ್ಕೈದು ವರ್ಷದಲ್ಲಿ ನನ್ನ ಗದ್ದ ಕೂದಲಿಗಿಂತ ಜಾಸ್ತಿ ಕಲೆಯಿಂದಲೇ ಕಾಣುತ್ತಿತ್ತು.

ನಡುವೆ ಬೇರೆ ಎಲ್ಲವನ್ನೂ ಮಾಡಿ ನೋಡಿದೆ. ಬ್ಲೀಚ್ ಹಾಕಿದಾಗ ಕೂದಲು ಹೊಂಬಣ್ಣಕ್ಕೆ ತಿರುಗಿತು. ಆದರೆ ಕಂದು ಗದ್ದದ ಮೇಲೆ ಹೊಂಬಣ್ಣದ ದಪ್ಪ ಕೂದಲು ಇನ್ನೂ ಎದ್ದು ಕಾಣುತ್ತದೆ. ಕೂದಲು ಕರಗಿಸುವ ಕ್ರೀಮಿನಿಂದ ಮೇಲ್ತುಟಿ ಸುಟ್ಟು ಎರಡು ದಿನ ಉರಿಯಿತು. ಕೈಕಾಲಿನ ಕ್ರೀಮನ್ನು ಮುಖಕ್ಕೆ ಹಚ್ಚಿದ್ದೆ, ತಪ್ಪು ನನ್ನದೇ. ಮುಖಕ್ಕೆಂದೇ ಇರುವುದನ್ನು ಕೂಡ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಬೇಕು. ಅತ್ತೆ ಕಸ್ತೂರಿ ಅರಿಶಿನ, ಕಡಲೆಹಿಟ್ಟು ಕಲಸಿ ಕೊಟ್ಟರು. ಪ್ರೀತಿಯಿಂದ ಕೊಟ್ಟದ್ದು, ಮೂರು ತಿಂಗಳು ಉಜ್ಜಿದೆ. ಒಣಗಿದ ಹಿಟ್ಟನ್ನು ಉಜ್ಜಿ ತೆಗೆಯುವಾಗ ನವಿರು ರೋಮ ಒಂದಿಷ್ಟು ಜೊತೆಗೆ ಬರುತ್ತದೆ, ಹೌದು. ದಪ್ಪ ಕೂದಲು ಅಲ್ಲಾಡಲಿಲ್ಲ.

ಇಷ್ಟೆಲ್ಲ ಮಾಡುವಾಗ ಒಂದು ಪ್ರಶ್ನೆಯನ್ನು ನಾನು ಕೇಳಿಕೊಳ್ಳಲೇ ಇಲ್ಲ. ಹೇಗೆ ತೆಗೆಯುವುದು ಎಂದು ಯೋಚಿಸಿದೆನೇ ಹೊರತು, ಯಾಕೆ ಬರುತ್ತಿದೆ ಎಂದು ಯೋಚಿಸಲಿಲ್ಲ. ಹತ್ತು ವರ್ಷ ಹೀಗೇ ಹೋಯಿತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

2018ರಲ್ಲಿ ಮಂಗಳೂರಿನ ಒಬ್ಬರು ಚರ್ಮದ ಡಾಕ್ಟರ ಹತ್ತಿರ ಹೋದೆ. ಹೋದದ್ದು ಕಲೆಗೆ ಕ್ರೀಮ್ ಕೇಳಲು. ಅವರು ಗದ್ದ ನೋಡುವ ಮೊದಲು ಕತ್ತಿನ ಹಿಂಭಾಗ ನೋಡಿದರು. ಅಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿತ್ತು. 'ಮುಟ್ಟು ಸರಿಯಾಗಿ ಬರ್ತದಾ?' ಎಂದು ಕೇಳಿದರು. ಎರಡು ತಿಂಗಳಿಗೊಮ್ಮೆ, ಕೆಲವು ಸಲ ಮೂರು. ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ ಎಂದೆ. 'ಎಲ್ಲರಿಗೂ ಅಂದರೆ ಯಾರು?' ಎಂದರು. ಅಮ್ಮ, ದೊಡ್ಡಮ್ಮ. ಇಬ್ಬರಿಗೂ ಸಕ್ಕರೆ ಕಾಯಿಲೆ ಉಂಟು. ಆಗ ಅವರು ಕುರ್ಚಿ ಹತ್ತಿರ ಎಳೆದುಕೊಂಡು ಹೇಳಲು ಶುರು ಮಾಡಿದರು.

ಹೆಂಗಸರ ಮೈಯಲ್ಲೂ ಗಂಡು ಹಾರ್ಮೋನು ಸ್ವಲ್ಪ ಇರುತ್ತದೆ. ಅದು ಜಾಸ್ತಿಯಾದರೆ, ಅಥವಾ ಕೂದಲ ಬೇರು ಅದಕ್ಕೆ ಜಾಸ್ತಿ ಸ್ಪಂದಿಸಿದರೆ, ಗದ್ದ, ಮೇಲ್ತುಟಿ, ಎದೆ, ಹೊಕ್ಕುಳ ಕೆಳಗೆ ನವಿರು ರೋಮವೇ ದಪ್ಪ ಕೂದಲಾಗಿ ಬದಲಾಗುತ್ತದೆ. ನೂರರಲ್ಲಿ ಐದರಿಂದ ಹತ್ತು ಹೆಂಗಸರಿಗೆ ಇದು ಇರುತ್ತದೆ. ಹೆಚ್ಚಿನವರಲ್ಲಿ ಕಾರಣ ಪಿಸಿಒಎಸ್, ನಾವು ಪಿಸಿಒಡಿ ಎನ್ನುತ್ತೇವಲ್ಲ, ಅದು; ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ. ಕೆಲವರಲ್ಲಿ ಪರೀಕ್ಷೆ ಎಲ್ಲ ಸರಿ ಇದ್ದೂ ಕೂದಲು ಬರುತ್ತದೆ. ಕೆನ್ನೆಯ ತುಂಬ ಇರುವ ಮೆತ್ತನೆಯ ರೋಮ ಬೇರೆ, ಅದು ಕಾಯಿಲೆಯೇ ಅಲ್ಲ. ಆದರೆ ಕೆಲವೇ ತಿಂಗಳಲ್ಲಿ ಒಮ್ಮೆಲೇ ಕೂದಲು ಹೆಚ್ಚಾದರೆ, ಸ್ವರ ಗಡುಸಾದರೆ, ಮುಟ್ಟು ನಿಂತರೆ, ನೆತ್ತಿಯ ಕೂದಲು ಉದುರಿದರೆ ಒಂದು ವಾರವೂ ಕಾಯಬಾರದು. ಅಪರೂಪಕ್ಕೆ ಅಂಡಾಶಯದ ಅಥವಾ ಮೂತ್ರಪಿಂಡದ ಮೇಲಿರುವ ಗ್ರಂಥಿಯ ಗಡ್ಡೆ ಇರಬಹುದು.

ರಕ್ತ ಪರೀಕ್ಷೆ ಮಾಡಿಸಿದರು. ಟೆಸ್ಟೋಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ. ಹೊಟ್ಟೆಯ ಸ್ಕ್ಯಾನಿಂಗ್. ನನಗೆ ಪಿಸಿಒಡಿ ಇತ್ತು, ಸಕ್ಕರೆ ಗಡಿಯಲ್ಲಿತ್ತು. ಗದ್ದದ ಕೂದಲನ್ನು ಕಿತ್ತು ಕಿತ್ತು ನಾನು ಬಚ್ಚಿಟ್ಟದ್ದು ಇದನ್ನೇ.

ಮಾತ್ರೆಯ ಬಗ್ಗೆ ಅವರು ಹೇಳಿದ ಒಂದು ಮಾತು ಮುಂದೆ ನನಗೆ ತುಂಬ ಉಪಯೋಗಕ್ಕೆ ಬಂತು. ಮಾತ್ರೆ ಹೊಸ ಕೂದಲನ್ನು ತಡೆಯುತ್ತದೆ, ಇದ್ದದ್ದನ್ನು ತೆಳ್ಳಗೆ ಮಾಡಬಹುದು. ಆದರೆ ಒಮ್ಮೆ ದಪ್ಪಗಾದ ಕೂದಲನ್ನು ಪೂರ್ತಿ ಅಳಿಸುವುದಿಲ್ಲ. ಫಲ ಕಾಣಲು ಕನಿಷ್ಠ ಆರು ತಿಂಗಳು ಬೇಕು. ಕಣ್ಣು ಕತ್ತಲೆ ಬರುವ ಮೈಗ್ರೇನ್ ನನಗೆ ಇದ್ದುದರಿಂದ ಸಾಮಾನ್ಯವಾಗಿ ಮೊದಲು ಕೊಡುವ ಗರ್ಭನಿರೋಧಕ ಮಾತ್ರೆ ಬೇಡ ಎಂದರು. ಬದಲಿಗೆ ಗಂಡು ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಕೊಟ್ಟರು. ಅದನ್ನು ತಿನ್ನುವಾಗ ಗರ್ಭ ನಿಲ್ಲಲೇಬಾರದು, ಮಗುವಿಗೆ ತೊಂದರೆ ಆಗುತ್ತದೆ. ದಯವಿಟ್ಟು ಯಾರೂ ಇದನ್ನು ಮೆಡಿಕಲ್ ಅಂಗಡಿಯಿಂದ ನೀವೇ ತಂದು ತಿನ್ನಬೇಡಿ. ದಿನಕ್ಕೆರಡು ಸಲ ಹಚ್ಚುವ ಎಫ್ಲಾರ್ನಿಥಿನ್ ಕ್ರೀಮ್ ಕೂಡ ಉಂಟು ಎಂದರು. ಹಚ್ಚುವಷ್ಟು ದಿನ ಮಾತ್ರ ಕೂದಲು ನಿಧಾನ, ಬಿಟ್ಟರೆ ಎರಡು ತಿಂಗಳೊಳಗೆ ಮೊದಲಿನಂತೆ. ಅದು ನನಗೆ ಬೇಡ ಅನಿಸಿತು.

ಇದ್ದ ಕೂದಲಿಗೆ ಲೇಸರ್ ಎಂದು ತೀರ್ಮಾನ ಮಾಡಿದೆ. ಆದರೆ ಎಲ್ಲಿ? ಇಲ್ಲೇ ಹತ್ತಿರದ ಒಂದು ಪಾರ್ಲರಿನಲ್ಲಿ ಕಡಿಮೆ ದುಡ್ಡಿಗೆ ಪ್ಯಾಕೇಜು ಇತ್ತು. ಮಂಗಳೂರಿಗೆ ಹೋದರೆ ಒಂದು ದಿನದ ರಜೆ, ಕುಂಬಳೆಯಿಂದ ರೈಲು, ಮೇಲೆ ಪ್ರತಿ ಸಲ ಎರಡೂವರೆ ಸಾವಿರ. ಪಾರ್ಲರಿಗೆ ಹೋಗಿ ಮೆಷಿನ್ ಯಾವುದು ಎಂದು ಕೇಳಿದೆ. ಇಂಪೋರ್ಟೆಡ್ ಎಂದರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ. ನಾನು ಎದ್ದು ಬಂದೆ.

ಈ ಪ್ರಶ್ನೆ ಯಾಕೆ ಮುಖ್ಯ ಎಂದರೆ, ಲೇಸರ್ ಬೆಳಕು ಹುಡುಕುವುದು ಕಪ್ಪು ಬಣ್ಣವನ್ನು. ಕೂದಲಿನ ಕಪ್ಪು ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿಗೆ ಬೇರು ಸಾಯುತ್ತದೆ. ನಮ್ಮ ಚರ್ಮದಲ್ಲೂ ಅದೇ ಬಣ್ಣ ಉಂಟು. ಮೆಷಿನ್ ಸರಿಯಿಲ್ಲದಿದ್ದರೆ ಚರ್ಮವೇ ಸುಡುತ್ತದೆ. ಕಂದು, ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರ್ ಅಲೆಯುದ್ದದ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ, ಅದರ ಬೆಳಕನ್ನು ಚರ್ಮದ ಬಣ್ಣ ಕಡಿಮೆ ಹೀರುತ್ತದೆ, ಬೆಳಕು ಆಳಕ್ಕೆ ಇಳಿಯುತ್ತದೆ. ನನಗೆ ಮಾಡಿದ್ದು ಅದನ್ನೇ.

ಮೊದಲ ಸಲ ಹೋದಾಗ ಡಾಕ್ಟರು ನನ್ನನ್ನು ವಾಪಸ್ ಕಳಿಸಿದರು. ಹಿಂದಿನ ವಾರ ನೀರ್ಚಾಲಿನಲ್ಲಿ ಒಂದು ಮದುವೆ ಇತ್ತು, ಥ್ರೆಡ್ಡಿಂಗ್ ಮಾಡಿಸಿಕೊಂಡಿದ್ದೆ. ಬೇರು ಕಿತ್ತ ಮೇಲೆ ಬೆಳಕು ಹೀರಲು ಅಲ್ಲಿ ಏನಿದೆ? ಲೇಸರಿಗೆ ಮೊದಲು ಕನಿಷ್ಠ ನಾಲ್ಕು ವಾರ ಕೀಳಬಾರದು, ನೂಲು ಹಾಕಿಸಬಾರದು, ವ್ಯಾಕ್ಸ್ ಬೇಡ. ರೇಜರ್ ಮಾತ್ರ ಸರಿ. ಆ ನಾಲ್ಕು ವಾರ ಶಾಲ್ ಹೊದ್ದುಕೊಂಡು ಶಾಲೆಗೆ ಹೋದೆ. ಅದು ಏಪ್ರಿಲ್‌ಗೆ ಮುಂಚಿನ ಸೆಕೆ.

ನೋವು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಬಿಸಿ ರಬ್ಬರ್ ಬ್ಯಾಂಡನ್ನು ಎಳೆದು ಚಟ್ ಎಂದು ಬಿಟ್ಟ ಹಾಗೆ. ಮೇಲ್ತುಟಿಯಲ್ಲಿ ಕಣ್ಣೀರು ಬಂತು, ಗದ್ದದಲ್ಲಿ ತಡೆಯುವಷ್ಟೇ. ಕೂದಲು ಸುಟ್ಟ ವಾಸನೆ ಬರುತ್ತದೆ. ಒಂದು ದಿನ ಕೆಂಪು, ಆಮೇಲೆ ಸನ್‌ಸ್ಕ್ರೀನ್ ಹಚ್ಚದೆ ಹೊರಗೆ ಹೋಗುವಂತಿಲ್ಲ. ಒಮ್ಮೆಗೆ ಮುಗಿಯುವುದಿಲ್ಲ ಯಾಕೆಂದರೆ ಎಲ್ಲ ಕೂದಲೂ ಒಟ್ಟಿಗೆ ಬೆಳೆಯುವುದಿಲ್ಲ. ಕೆಲವು ಬೆಳೆಯುತ್ತಿರುತ್ತವೆ, ಕೆಲವು ಸುಮ್ನೆ ಇರುತ್ತವೆ. ಬೆಳೆಯುತ್ತಿರುವುದಕ್ಕೆ ಮಾತ್ರ ಪೆಟ್ಟು. ಅದಕ್ಕೇ ನಾಲ್ಕರಿಂದ ಆರು ವಾರಕ್ಕೊಮ್ಮೆ, ಆರೆಂಟು ಸಲ. ಹಾರ್ಮೋನಿನ ಕಾರಣ ಇದ್ದವರಿಗೆ ಆಮೇಲೂ ವರ್ಷಕ್ಕೆ ಒಂದೆರಡು ಸಲ ಬೇಕಾಗಬಹುದು. ಲೇಸರ್ ಶಾಶ್ವತವಾಗಿ ಕಡಿಮೆ ಮಾಡುತ್ತದೆ, ಶಾಶ್ವತವಾಗಿ ಇಲ್ಲದಂತೆ ಮಾಡುವುದಿಲ್ಲ. ಇದನ್ನು ಮೊದಲೇ ಹೇಳಿದ ಡಾಕ್ಟರ ಮೇಲೆ ನನಗೆ ನಂಬಿಕೆ ಬಂತು.

ಕೆನ್ನೆಯ ನವಿರು ರೋಮಕ್ಕೂ ಮಾಡಿ ಎಂದು ನಾನೇ ಕೇಳಿದೆ. ಅವರು ಒಪ್ಪಲಿಲ್ಲ. ಮುಖದಲ್ಲಿ, ಅದರಲ್ಲೂ ದವಡೆ ಮತ್ತು ಕತ್ತಿನ ಮೇಲೆ, ತೆಳು ರೋಮಕ್ಕೆ ಲೇಸರ್ ಹೊಡೆದರೆ ಕೆಲವರಿಗೆ ಕೂದಲು ಹೆಚ್ಚಾಗುವುದೂ ಉಂಟಂತೆ, ಅದೂ ನಮ್ಮಂಥ ಬಣ್ಣದವರಿಗೆ. ದುಡ್ಡು ಬರುವ ಕೆಲಸವನ್ನು ಬೇಡ ಎಂದವರ ಮಾತು ಕೇಳುವುದು ಒಳ್ಳೆಯದು.

ಲೇಸರ್ ನಾಲ್ಕು ಸಲ ಆಗಿತ್ತು. 2020ರ ಮಾರ್ಚಿನಲ್ಲಿ ಕೊರೊನಾ ಎಂದು ತಲಪಾಡಿಯಲ್ಲಿ ಕರ್ನಾಟಕ-ಕೇರಳ ಗಡಿ ಮುಚ್ಚಿದರು. ಒಳದಾರಿಗಳಿಗೂ ಮಣ್ಣು ಸುರಿದರು. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರೇ. ಜೀವ ಹೋಗುವ ಸ್ಥಿತಿಯಲ್ಲಿದ್ದವರನ್ನೂ ದಾಟಿಸಲು ಆಗದೆ ಜನ ಅತ್ತ ದಿನಗಳು ಅವು. ಆಗ ಗದ್ದದ ಕೂದಲಿನ ಮಾತು ಬಾಯಿಗೆ ಬರಲಿಲ್ಲ. ಆದರೆ ಕೂದಲು ಬರುತ್ತಲೇ ಇತ್ತು, ಪಾರ್ಲರೂ ಮುಚ್ಚಿತ್ತು.

ಆಗ ರೇಜರ್ ಹಿಡಿದೆ.

ಇಷ್ಟು ವರ್ಷ ಅದನ್ನು ಮುಟ್ಟದೆ ಇದ್ದದ್ದು ಅಮ್ಮನ ಒಂದೇ ಮಾತಿಗೆ: 'ಬ್ಲೇಡ್ ತಾಗಿದರೆ ಗಂಡಸರ ಹಾಗೆ ಗಡ್ಡ ಬರ್ತದೆ, ಮಾರಾಯ್ತಿ.' ಬರುವುದಿಲ್ಲ. ಕೂದಲಿನ ಬೇರು ಚರ್ಮದ ಒಳಗಿದೆ, ಬ್ಲೇಡ್ ಅಲ್ಲಿಗೆ ತಲುಪುವುದೇ ಇಲ್ಲ. ತಾನಾಗಿ ಬೆಳೆದ ಕೂದಲಿನ ತುದಿ ಚೂಪಾಗಿರುತ್ತದೆ. ಕತ್ತರಿಸಿದಾಗ ತುದಿ ಮೊಂಡಾಗಿ ಕೈಗೆ ಒರಟು ಅನಿಸುತ್ತದೆ, ಅಷ್ಟೇ. 1928ರಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ನಾನೂ ಎರಡು ವಾರ ಗದ್ದದ ಒಂದು ಬದಿ ಮಾತ್ರ ತೆಗೆದು ನೋಡಿದೆ. ಎರಡೂ ಬದಿ ಅಷ್ಟೇ ಕೂದಲು.

ನಾನು ಮಾಡುವ ಕ್ರಮ ಇದು. ಸ್ನಾನ ಆದ ಕೂಡಲೇ, ಚರ್ಮ ಮೆತ್ತಗಿರುವಾಗ. ಸ್ವಲ್ಪ ಲೋಳೆಸರದ ಜೆಲ್ ಹಚ್ಚುತ್ತೇನೆ. ಹುಬ್ಬಿಗೆ, ಮುಖಕ್ಕೆ ಎಂದೇ ಸಿಗುವ ಸಣ್ಣ ಒಂಟಿ ಬ್ಲೇಡಿನ ರೇಜರ್. ಎಡಗೈಯಲ್ಲಿ ಚರ್ಮ ಬಿಗಿ ಹಿಡಿದು, ಕೂದಲು ಬೆಳೆದ ದಿಕ್ಕಿಗೇ, ಒತ್ತದೆ ಎಳೆಯುತ್ತೇನೆ. ಎದುರು ದಿಕ್ಕಿಗೆ ಎಳೆದರೆ ನುಣುಪಾಗುತ್ತದೆ, ಆದರೆ ಗುಳ್ಳೆ ಬರುತ್ತದೆ. ಗುಳ್ಳೆ ಇರುವ ಜಾಗ ಬಿಟ್ಟುಬಿಡುತ್ತೇನೆ. ತೊಳೆದು, ಪರಿಮಳ ಇಲ್ಲದ ಮಾಯಿಶ್ಚರೈಸರ್. ನಾಲ್ಕೈದು ಸಲಕ್ಕೆ ರೇಜರ್ ಬದಲು. ನನ್ನ ರೇಜರನ್ನು ಮಗಳಿಗೂ ಕೊಡುವುದಿಲ್ಲ. ಒಟ್ಟು ಮೂರು ನಿಮಿಷ. ಕಲೆಗಳು ಆರೇಳು ತಿಂಗಳಲ್ಲಿ ತಿಳಿಯಾದವು, ಯಾಕೆಂದರೆ ಕೀಳುವುದು ನಿಂತಿತ್ತು.

ಗಡಿ ತೆರೆದ ಮೇಲೆ ಉಳಿದ ಲೇಸರ್ ಮುಗಿಸಿದೆ. ಈಗ ಗದ್ದದಲ್ಲಿ ಮೊದಲಿನ ಕಾಲುಭಾಗವೂ ಇಲ್ಲ. ಇರುವವುಗಳಲ್ಲಿ ಏಳೆಂಟು ಬಿಳಿ. ಬಿಳಿ ಕೂದಲಲ್ಲಿ ಬಣ್ಣ ಇಲ್ಲ, ಲೇಸರಿಗೆ ಅದು ಕಾಣುವುದೇ ಇಲ್ಲ. ಅದಕ್ಕೆ ಎಲೆಕ್ಟ್ರಾಲಿಸಿಸ್ ಮಾಡಿಸಿದೆ. ತೆಳು ಸೂಜಿಯನ್ನು ಒಂದೊಂದೇ ಕೂದಲಿನ ಬುಡಕ್ಕೆ ಇಳಿಸಿ ವಿದ್ಯುತ್ತಿನಿಂದ ಬೇರನ್ನು ಸಾಯಿಸುವುದು. ಅಮೆರಿಕದ ಕಣ್ಣಿನ ಡಾಕ್ಟರೊಬ್ಬರು 1875ರಲ್ಲಿ ಕಣ್ಣಿನೊಳಗೆ ಬಾಗಿದ ರೆಪ್ಪೆ ಕೂದಲಿಗೆ ಮಾಡಿದ ಉಪಾಯ ಇದು. ಯಾವ ಬಣ್ಣದ ಕೂದಲಿಗೂ ಆಗುತ್ತದೆ, ಬೇರು ಸತ್ತರೆ ಮತ್ತೆ ಬರುವುದಿಲ್ಲ. ಆದರೆ ನಿಧಾನ, ಚುಚ್ಚುತ್ತದೆ, ಮಾಡುವವರ ಕೈ ಪಳಗಿರಬೇಕು. ಇಡೀ ಗದ್ದಕ್ಕೆ ಇದನ್ನೇ ಆರಿಸಿದ್ದರೆ ಬಹುಶಃ ಅರ್ಧಕ್ಕೆ ಬಿಡುತ್ತಿದ್ದೆ. ಏಳೆಂಟಕ್ಕೆ ಸರಿ.

ದಪ್ಪ ಕಪ್ಪು ಕೂದಲಿಗೆ ಲೇಸರ್, ಬಿಳಿಗೆ ಸೂಜಿ, ದಿನದ ಅವಸರಕ್ಕೆ ರೇಜರ್, ಒಳಗಿನ ಕಾರಣಕ್ಕೆ ಮಾತ್ರೆ ಮತ್ತು ಸಂಜೆಯ ನಡಿಗೆ. ಕೆನ್ನೆಯ ರೋಮವನ್ನು ಹಾಗೇ ಬಿಟ್ಟಿದ್ದೇನೆ. ನನ್ನ ಮುಖಕ್ಕೆ, ನನ್ನ ಸಂಬಳಕ್ಕೆ ಇದು ಹೊಂದಿತು. ಏನೂ ತೆಗೆಯದೆ ಇರುವವರೂ ಇದ್ದಾರೆ, ಅದೂ ಸರಿಯೇ, ಆದರೆ ರಕ್ತ ಪರೀಕ್ಷೆ ಮಾತ್ರ ಬಿಡಬೇಡಿ ಎನ್ನುತ್ತೇನೆ.

ಕಳೆದ ತಿಂಗಳು ಅಮ್ಮನ ಕಪಾಟು ಒರೆಸುವಾಗ ಸೀರೆಯ ಅಡಿಯಲ್ಲಿ ಕರ್ಚೀಫಿನಲ್ಲಿ ಸುತ್ತಿದ ಒಂದು ಚಿಮಟ ಸಿಕ್ಕಿತು. ತುಂಬ ಹಳೆಯದು, ತುದಿ ಸವೆದಿತ್ತು. 'ಇದೆಂತಕ್ಕೆ ಅಮ್ಮ?' ಎಂದೆ. ಅಮ್ಮ ಗದ್ದ ಮುಟ್ಟಿಕೊಂಡರು, ಮಾತಾಡಲಿಲ್ಲ. ಎಪ್ಪತ್ತು ದಾಟಿದೆ ಅವರಿಗೆ. ನಾವಿಬ್ಬರೂ ಒಂದೇ ಮನೆಯಲ್ಲಿ, ಒಂದೇ ಕನ್ನಡಿಯ ಮುಂದೆ, ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಕೆಲಸ ಮಾಡಿದ್ದೆವು.

ಅಣ್ಣನ ಮಗಳಿಗೆ ಹದಿನೇಳು. ಹೋದ ವಾರ ಫೋನ್ ಮಾಡಿ, 'ಅತ್ತೆ, ಮೇಲ್ತುಟಿಗೆ ಯಾವ ಕ್ರೀಮ್ ಒಳ್ಳೆಯದು?' ಎಂದು ಕೇಳಿದಳು. ಕ್ರೀಮಿನ ಹೆಸರು ನಾನು ಹೇಳಲಿಲ್ಲ. ಮುಟ್ಟು ಸರಿಯಾಗಿ ಬರ್ತದಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲ ಎಂದಳು. ಈ ಶನಿವಾರ ಕುಂಬಳೆಯಿಂದ ಬೆಳಗ್ಗಿನ ರೈಲಿಗೆ ಹೊರಡುತ್ತೇವೆ. ಅತ್ತಿಗೆಯೂ ಬರುತ್ತಾರೆ.