ಡಾಖಾವ್ ನೋಡಲು ಹೊರಟವರಿಗೆ: ಎಲ್ಲಿಂದ ಶುರು ಮಾಡಬೇಕು

ಮ್ಯೂನಿಕ್‌ಗೆ ಬರುವ ನಮ್ಮ ನೆಂಟರ ಪಟ್ಟಿಯಲ್ಲಿ ಬಿಎಂಡಬ್ಲ್ಯು ಮ್ಯೂಸಿಯಂ, ನಾಯ್‌ಶ್ವಾನ್‌ಸ್ಟೈನ್ ಅರಮನೆ ಆದಮೇಲೆ "ಅದೇನೋ ಹಿಟ್ಲರ್ ಕ್ಯಾಂಪ್ ಇದೆಯಂತಲ್ಲ, ಅದು" ಅನ್ನುವ ಸಾಲು ಇದ್ದೇ ಇರುತ್ತದೆ. ಅತ್ತೆ-ಮಾವ, ಅಣ್ಣನ ಸಂಸಾರ, ಯಜಮಾನರ ಆಫೀಸಿನವರು ಅಂತ ತುಂಬ ಜನರನ್ನು, ನಾಜಿಗಳ ಬಂಧನ ಶಿಬಿರವಿದ್ದು ಈಗ ಸ್ಮಾರಕವಾಗಿರುವ ಡಾಖಾವ್‌ಗೆ ಕರೆದುಕೊಂಡು ಹೋಗಿದ್ದೇನೆ. ಒಳಗೆ ಕಾಲಿಟ್ಟ ತಕ್ಷಣ ಹೆಚ್ಚಿನವರು ಕೇಳುವುದು "ಗ್ಯಾಸ್ ಚೇಂಬರ್ ಎಲ್ಲಿ?" ಅಂತ. ನಾನು ಹೇಳುವುದು: ಅದು ಕೊನೆಗೆ. ಮೊದಲು 1933ಕ್ಕೆ ಹೋಗಿ. ಹೆಣಗಳ ಫೋಟೊ ಮೊದಲೇ ನೋಡಿಬಿಟ್ಟರೆ, ಇದು ಹೇಗೆ ಶುರುವಾಯಿತು ಅನ್ನುವುದನ್ನು ಓದುವಷ್ಟು ತಾಳ್ಮೆ ಆಮೇಲೆ ಯಾರಿಗೂ ಉಳಿಯುವುದಿಲ್ಲ.

ಹೋಗುವುದು ಸುಲಭ. ಮ್ಯೂನಿಕ್‌ನ ಮುಖ್ಯ ರೈಲು ನಿಲ್ದಾಣದಿಂದ ಎಸ್2 ಲೋಕಲ್ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಡಾಖಾವ್ ಸ್ಟೇಷನ್. ಅಲ್ಲಿಂದ 726 ನಂಬರಿನ ಬಸ್ಸು. ಟಿಕೆಟ್ ಎಂ-1 ವಲಯದ್ದು ಬೇಕು. ಮನೆ ಮಂದಿಯೆಲ್ಲ ಹೊರಟಿದ್ದರೆ ಗ್ರೂಪ್ ಡೇ ಟಿಕೆಟ್ ಲಾಭ. ಪ್ರವೇಶಕ್ಕೆ ದುಡ್ಡಿಲ್ಲ. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. ಆಗಾಗ ದುರಸ್ತಿ ಕೆಲಸ ನಡೆಯುವುದರಿಂದ ಹೊರಡುವ ಮುಂಚೆ ವೆಬ್‌ಸೈಟ್ ಒಮ್ಮೆ ನೋಡಿ. ನಡೆಯಬಲ್ಲವರು ಬಸ್ಸು ಬಿಟ್ಟು ನಡೆದೇ ಹೋಗಿ, ಸುಮಾರು 3 ಕಿ.ಮೀ. ಸ್ಟೇಷನ್ನಿನಿಂದ ಕ್ಯಾಂಪಿನವರೆಗೆ ದಾರಿಯುದ್ದಕ್ಕೂ ಮಾಹಿತಿ ಫಲಕಗಳಿವೆ. ಮನೆಗಳ ಮುಂದೆಯೇ ಹೋಗುವ ದಾರಿ ಅದು. "ಊರವರಿಗೆ ಏನೂ ಗೊತ್ತಿರಲಿಲ್ಲವೇ?" ಅನ್ನುವ ಪ್ರಶ್ನೆ ಆ ನಡಿಗೆಯಲ್ಲಿ ತಾನಾಗಿಯೇ ಬರುತ್ತದೆ.

ಕಾಲಿಗೆ ಶೂ ಇರಲಿ, ನೆಲವೆಲ್ಲ ಜಲ್ಲಿ. ಬಯಲು ಜಾಗ, ಗಾಳಿ ಜೋರು. ಏಪ್ರಿಲ್‌ನಲ್ಲೂ ಸ್ವೆಟರ್ ಬೇಕು. ಪುಳಿಯೋಗರೆ ಡಬ್ಬಿ ತಂದಿದ್ದರೆ ಹೊರಗೆ ವಿಸಿಟರ್ ಸೆಂಟರ್ ಹತ್ತಿರವೇ ಮುಗಿಸಿ, ಒಳಗೆ ಬಿಚ್ಚಬೇಡಿ. ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ನಾನಂತೂ ಕರೆದೊಯ್ಯುವುದಿಲ್ಲ. ಇನ್ನು ಬಾಗಿಲಿನ ಮುಂದೆ ನಿಂತು ಸೆಲ್ಫಿ. ಬೇಡ, ದಯವಿಟ್ಟು.

ಆ ಬಾಗಿಲಿನ ಮೇಲೆ "ದುಡಿಮೆ ಬಿಡುಗಡೆ ಕೊಡುತ್ತದೆ" ಅನ್ನುವ ಅರ್ಥದ ಕಬ್ಬಿಣದ ಅಕ್ಷರಗಳಿವೆ. ನೀವು ದಾಟುವುದು ನಕಲು ಬಾಗಿಲು. ಅಸಲಿಯನ್ನು 2014ರ ನವೆಂಬರ್‌ನಲ್ಲಿ ಯಾರೋ ಕದ್ದೊಯ್ದರು; 2016ರ ಕೊನೆಯಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ಸಿಕ್ಕಿತು. ಈಗ ಅದು ಮ್ಯೂಸಿಯಂ ಒಳಗಿದೆ.

ಬಾಗಿಲು ದಾಟಿದರೆ ವಿಶಾಲವಾದ ಹಾಜರಿ ಮೈದಾನ. ಬಲಗಡೆಗೆ ಹೊರಳಿ, ಉದ್ದನೆಯ ಕಟ್ಟಡದೊಳಗಿನ ಪ್ರದರ್ಶನಕ್ಕೆ ಹೋಗಿ. ಇಲ್ಲಿ ಒಂದು ಗಂಟೆಯಾದರೂ ಕೊಡಿ. ಒಂದು ವಿಷಯ ನೆನಪಿರಲಿ: ಈಗ ಕಾಣುವ ಕಟ್ಟಡಗಳನ್ನು 1937–38ರಲ್ಲಿ ಕೈದಿಗಳ ಕೈಯಲ್ಲೇ ಕಟ್ಟಿಸಿದ್ದು. 1933ರ ಕ್ಯಾಂಪ್ ಇದ್ದದ್ದು ಮೊದಲ ಮಹಾಯುದ್ಧದ ಕಾಲದ ಪಾಳುಬಿದ್ದ ಮದ್ದುಗುಂಡು ಕಾರ್ಖಾನೆಯಲ್ಲಿ.

ನಮ್ಮ ಮಾವನವರು ವಕೀಲರ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಫಲಕಗಳನ್ನು ಒಂದೊಂದಾಗಿ ಓದಿ, "ಇವರನ್ನು ಕೋರ್ಟಿಗೆ ಹಾಜರುಪಡಿಸಲೇ ಇಲ್ಲವೇನಮ್ಮಾ?" ಅಂತ ಕೇಳಿದರು. ಇಲ್ಲಿ ಕೇಳಬೇಕಾದ್ದು ಅದೇ. ಹಿಟ್ಲರ್ ಚಾನ್ಸಲರ್ ಆದದ್ದು 1933ರ ಜನವರಿ 30. ಫೆಬ್ರವರಿ 27ರ ರಾತ್ರಿ ಬರ್ಲಿನ್‌ನ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮಾರನೆಯ ದಿನವೇ ತುರ್ತು ಆಜ್ಞೆ ಹೊರಟು ನಾಗರಿಕ ಹಕ್ಕುಗಳು ಹೋದವು. ಪೊಲೀಸರು "ರಕ್ಷಣಾ ಬಂಧನ" ಅಂತ ಒಂದು ಚೀಟಿ ಬರೆದರೆ ಸಾಕು, ಆರೋಪಪಟ್ಟಿ ಇಲ್ಲ, ನ್ಯಾಯಾಧೀಶರಿಲ್ಲ, ಬಿಡುಗಡೆಯ ತಾರೀಕಿಲ್ಲ. ಮಾರ್ಚ್ 20ರಂದು ಮ್ಯೂನಿಕ್‌ನ ಪೊಲೀಸ್ ಮುಖ್ಯಸ್ಥನಾಗಿದ್ದ ಹಿಮ್ಲರ್ ಪತ್ರಕರ್ತರನ್ನು ಕರೆದು, 5,000 ಜನ ಹಿಡಿಸುವ ಕ್ಯಾಂಪ್ ತೆರೆಯುತ್ತಿದ್ದೇವೆ ಅಂದ. ಮರುದಿನ ಪತ್ರಿಕೆಯಲ್ಲಿ ಬಂತು. 22ಕ್ಕೆ ಮೊದಲ ಕೈದಿಗಳು ಬಂದಿಳಿದರು. ಗುಟ್ಟಿನ ಮಾತೇ ಇಲ್ಲ.

ಮಾವನವರ ಮುಂದಿನ ಪ್ರಶ್ನೆ: "ಇದು ಯಹೂದಿಗಳಿಗೆ ಅಂತಲೇ ಮಾಡಿದ್ದಲ್ಲವೇ?" ಶುರುವಿನಲ್ಲಿ ಅಲ್ಲ. ಮೊದಲು ಬಂದವರು ಕಮ್ಯುನಿಸ್ಟರು, ಸೋಷಿಯಲ್ ಡೆಮಾಕ್ರಟರು, ಕಾರ್ಮಿಕ ಸಂಘದವರು. ಆದರೆ ಅವರೊಳಗೆ ಯಹೂದಿ ಯಾರು ಅಂತ ಮೊದಲ ದಿನಗಳಿಂದಲೇ ಬೇರ್ಪಡಿಸಿದರು. ಏಪ್ರಿಲ್ 11ರಂದು ಕಾವಲು ಬವೇರಿಯಾದ ಪೊಲೀಸರ ಕೈಯಿಂದ ನಾಜಿ ಪಕ್ಷದ ಸ್ವಂತ ಪಡೆಯಾದ ಎಸ್ಎಸ್ ಕೈಗೆ ಹೋಯಿತು. ಮರುದಿನವೇ ರುಡಾಲ್ಫ್ ಬೆನಾರಿಯೊ, ಅರ್ನ್‌ಸ್ಟ್ ಗೋಲ್ಡ್‌ಮನ್, ಆರ್ಥರ್ ಕಾನ್, ಅರ್ವಿನ್ ಕಾನ್ ಎಂಬ ನಾಲ್ವರಿಗೆ ಗುಂಡು ಹಾರಿಸಿದರು, ನಾಲ್ವರೂ ಯಹೂದಿಗಳು. ಓಡಿಹೋಗಲು ನೋಡಿದರು ಅಂತ ವರದಿ ಬರೆದರು. ಯೋಸೆಫ್ ಹಾರ್ಟಿಂಗರ್ ಎಂಬ ಸರ್ಕಾರಿ ವಕೀಲರು ಅದನ್ನು ನಂಬದೆ ಕ್ಯಾಂಪಿನ ಸಾವುಗಳ ತನಿಖೆಗಿಳಿದರು, ಕಮಾಂಡೆಂಟ್ ಮೇಲೇ ಕೊಲೆ ಕೇಸು ತಯಾರು ಮಾಡಿದರು. ಕೇಸನ್ನು ಮೇಲಿನವರು ಮುಚ್ಚಿಹಾಕಿದರು. ಆ ಕಮಾಂಡೆಂಟ್‌ನ ಜಾಗಕ್ಕೆ ಬಂದ ಥಿಯೊಡೊರ್ ಐಕೆ ಬರೆದ ಶಿಕ್ಷಾ ನಿಯಮಗಳೇ ಮುಂದೆ ಉಳಿದ ಕ್ಯಾಂಪುಗಳಿಗೂ ಮಾದರಿಯಾದವು. ಇಡೀ ಡಾಖಾವ್‌ನಲ್ಲಿ ಒಂದೇ ಒಂದು ಕಥೆ ತಿಳಿದುಕೊಂಡು ಬರಬೇಕು ಅಂದರೆ ನಾನು ಈ 1933ರ ಏಪ್ರಿಲ್‌ನ ಕಥೆಯನ್ನೇ ಹೇಳುತ್ತೇನೆ.

ಆಮೇಲೆ ಹೊಸ ಕೈದಿಗಳನ್ನು ದಾಖಲು ಮಾಡುತ್ತಿದ್ದ ಕೋಣೆ. ಬಟ್ಟೆ, ವಾಚು, ಉಂಗುರ ಎಲ್ಲ ಇಸಿದುಕೊಂಡು ನಂಬರ್ ಕೊಡುತ್ತಿದ್ದ ಜಾಗ. ಬಟ್ಟೆಗೆ ಹೊಲಿಯುತ್ತಿದ್ದ ತ್ರಿಕೋನಗಳ ಪಟ್ಟಿಯನ್ನು ನಿಧಾನವಾಗಿ ನೋಡಿ: ಕೆಂಪು ರಾಜಕೀಯ ಕೈದಿಗೆ, ಹಸಿರು ಅಪರಾಧಿ ಎಂದು ಹಣೆಪಟ್ಟಿ ಹಚ್ಚಿದವರಿಗೆ, ನೇರಳೆ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರಿಗೆ, ಗುಲಾಬಿ ಸಲಿಂಗಿಗಳಿಗೆ, ಕಪ್ಪು "ಸಮಾಜಕ್ಕೆ ಬೇಡದವರು" ಅನ್ನಿಸಿದವರಿಗೆ. ಯಹೂದಿಯಾದರೆ ಕೆಳಗೊಂದು ಹಳದಿ ತ್ರಿಕೋನ ಸೇರಿಸಿ ನಕ್ಷತ್ರ ಮಾಡುತ್ತಿದ್ದರು.

1938ರ ನವೆಂಬರ್‌ನ ಫಲಕ ಬಿಡಬೇಡಿ. ದೇಶದಾದ್ಯಂತ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ಸುಟ್ಟ ಆ ರಾತ್ರಿಯ ನಂತರ ಸುಮಾರು 11,000 ಯಹೂದಿ ಗಂಡಸರನ್ನು ಇಲ್ಲಿಗೆ ತಂದು ತುಂಬಿದರು. ಈ ಸಲ ಪಕ್ಷ ಗಿಕ್ಷ ಯಾರೂ ಕೇಳಲಿಲ್ಲ, ಯಹೂದಿಯಾಗಿದ್ದರೆ ಸಾಕಿತ್ತು. ದೇಶ ಬಿಡುವಂತೆ, ಆಸ್ತಿ ಬಿಟ್ಟುಕೊಡುವಂತೆ ಹಿಂಡಿ, ಬಹುಪಾಲು ಜನರನ್ನು ಕೆಲವು ವಾರ, ತಿಂಗಳುಗಳಲ್ಲಿ ಬಿಟ್ಟರು. ಬಿಡುಗಡೆ ಕಾಣದೆ ಸತ್ತವರೂ ಇದ್ದಾರೆ. 1942ರಲ್ಲಿ ಇಲ್ಲಿ ಉಳಿದಿದ್ದ ಯಹೂದಿಗಳನ್ನು ಆಶ್‌ವಿಟ್ಸ್‌ಗೆ ಸಾಗಿಸಿದರು. 1944ರಲ್ಲಿ ಮತ್ತೆ ಸಾವಿರಾರು ಯಹೂದಿಗಳನ್ನು ಪೂರ್ವದಿಂದ ತಂದು, ಕೌಫೆರಿಂಗ್‌ನಂಥ ಉಪಕ್ಯಾಂಪುಗಳಲ್ಲಿ ದುಡಿಸಿ ಸಾಯಿಸಿದರು.

ಮರುನಿರ್ಮಿಸಿದ ಬ್ಯಾರಕ್‌ನಲ್ಲಿ ಮೂರು ಕಾಲದ ಮಲಗುವ ಅಟ್ಟಣಿಗೆಗಳಿವೆ. ಮೊದಲನೆಯದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಾಸಿಗೆ, ಕೊನೆಯದರಲ್ಲಿ ಬರೀ ಹಲಗೆ. 6,000 ಜನಕ್ಕೆಂದು ಕಟ್ಟಿದ ಕ್ಯಾಂಪಿನಲ್ಲಿ, 1945ರ ಏಪ್ರಿಲ್ 29ರಂದು ಅಮೆರಿಕದ ಸೈನ್ಯ ಬಂದಾಗ 30,000ಕ್ಕೂ ಹೆಚ್ಚು ಜನರಿದ್ದರು. ಹನ್ನೆರಡು ವರ್ಷಗಳಲ್ಲಿ ಡಾಖಾವ್ ಮತ್ತು ಅದರ ಉಪಕ್ಯಾಂಪುಗಳಿಗೆ ಬಂದ ಕೈದಿಗಳು 2 ಲಕ್ಷಕ್ಕೂ ಮಿಕ್ಕಿ, ಸತ್ತವರು ಕನಿಷ್ಠ 41,500.

ಕೊನೆಗೆ, ಪಾಪ್ಲರ್ ಮರಗಳ ಸಾಲಿನ ಆಚೆ, ಸುಡುವ ಒಲೆಗಳ ಕಟ್ಟಡ. ಗ್ಯಾಸ್ ಚೇಂಬರ್ ಇರುವುದೂ ಅಲ್ಲೇ; ಬಾಗಿಲ ಮೇಲೆ ಸ್ನಾನದ ಮನೆ ಅಂತ ಬರೆದಿದೆ. ಇಲ್ಲಿ ಸಾಮೂಹಿಕವಾಗಿ ಅನಿಲ ಬಿಟ್ಟು ಕೊಂದದ್ದಕ್ಕೆ ಪುರಾವೆ ಇಲ್ಲ. ಇಲ್ಲಿಯ ಕಾಯಿಲೆಯವರು, ದುಡಿಯಲಾರದವರು 2,500ಕ್ಕೂ ಹೆಚ್ಚು ಜನರನ್ನು ಆಸ್ಟ್ರಿಯಾದ ಹಾರ್ಟ್‌ಹೈಮ್‌ಗೆ ಸಾಗಿಸಿ ಅಲ್ಲಿ ಅನಿಲದಿಂದ ಕೊಂದರು. ಯಹೂದಿಗಳನ್ನು ಲಕ್ಷಗಟ್ಟಲೆ ಅನಿಲದಿಂದ ಕೊಂದ ಆಶ್‌ವಿಟ್ಸ್, ಟ್ರೆಬ್ಲಿಂಕಾ, ಸೊಬಿಬೊರ್ ಇದ್ದದ್ದು ಆಕ್ರಮಿತ ಪೋಲೆಂಡಿನಲ್ಲಿ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕುವಾಗ ಎರಡನ್ನೂ ಕಲಸಬೇಡಿ. ಇಂಥ ಸಣ್ಣ ತಪ್ಪು ಹಿಡಿದುಕೊಂಡೇ "ಎಲ್ಲಾ ಸುಳ್ಳು" ಅನ್ನುವವರು ಇದ್ದಾರೆ.

ಅಲ್ಲಿ ಗೋಡೆಯ ಮೇಲೆ ನಾಲ್ಕು ಹೆಂಗಸರ ಹೆಸರಿನ ಫಲಕವನ್ನು ಹುಡುಕಿ. ಅದರಲ್ಲೊಬ್ಬಳು ನೂರ್ ಇನಾಯತ್ ಖಾನ್, ತಂದೆಯ ಕಡೆಯಿಂದ ಮೈಸೂರಿನ ಟಿಪ್ಪು ಸುಲ್ತಾನನ ವಂಶಕ್ಕೆ ಸೇರಿದವಳು. ಬ್ರಿಟಿಷರ ಗುಪ್ತಚರ ಪಡೆಯ ವೈರ್‌ಲೆಸ್ ಆಪರೇಟರ್ ಆಗಿ ಪ್ಯಾರಿಸ್‌ನಲ್ಲಿದ್ದಳು. ಸಿಕ್ಕಿಬಿದ್ದ ಮೇಲೆ 1944ರ ಸೆಪ್ಟೆಂಬರ್ 13ರಂದು ಮೂವರು ಸಂಗಾತಿಗಳ ಜೊತೆ ಇಲ್ಲಿ ಗುಂಡಿಗೆ ಬಲಿಯಾದಳು. ಶ್ರೀರಂಗಪಟ್ಟಣದವರನ್ನು ಕರೆದುಕೊಂಡು ಹೋದರೆ ಇಲ್ಲಿ ಹತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ.

ವಾಪಸ್ ಬರುವಾಗ ಮೈದಾನದಲ್ಲಿ ನಾಂದೋರ್ ಗ್ಲಿದ್ ಮಾಡಿದ 1968ರ ಸ್ಮಾರಕವಿದೆ. ಪಕ್ಕದ ಸರಪಳಿಯಲ್ಲಿ ಬಣ್ಣದ ತ್ರಿಕೋನಗಳಿವೆ. ಒಳಗೆ ನೋಡಿದ ಪಟ್ಟಿ ನೆನಪಿಸಿಕೊಂಡು ತಾಳೆ ಹಾಕಿ: ಹಸಿರು, ಕಪ್ಪು, ಗುಲಾಬಿ ಅಲ್ಲಿಲ್ಲ. ಆ ಕಾಲಕ್ಕೆ ಅವರನ್ನು ನೆನೆಯಲು ಯಾರೂ ತಯಾರಿರಲಿಲ್ಲ.

ಅದೇ ಸಂಜೆಗೆ ಬಿಯರ್ ಹಾಲ್ ಬುಕ್ ಮಾಡಬೇಡಿ, ಯಾರಿಗೂ ಊಟ ಸೇರುವುದಿಲ್ಲ. ಇನ್ನೊಂದು ದಿನ ಬಿಡುವಿದ್ದರೆ ಮ್ಯೂನಿಕ್‌ನಲ್ಲೇ, ನಾಜಿ ಪಕ್ಷದ ಕಚೇರಿ ಇದ್ದ ಜಾಗದಲ್ಲಿ 2015ರಲ್ಲಿ ತೆರೆದ ದಾಖಲಾತಿ ಕೇಂದ್ರಕ್ಕೆ ಹೋಗಿ. ಈ ಪಕ್ಷ ಅಧಿಕಾರಕ್ಕೆ ಬಂದದ್ದು ಹೇಗೆ ಅನ್ನುವುದು ಅಲ್ಲಿ ವಿವರವಾಗಿದೆ. ಸೋಮವಾರ ರಜೆ.