ಹಮಾಲರ ಆರೋಗ್ಯ ನಿಧಿಗೆ ನಾನು ಲೆಕ್ಕ ಹಾಕಿದ್ದು ಹಿಂಗ

ನಾನು ಗಂಗಾವತಿಯ ರೈಸ್ ಮಿಲ್ ಒಂದ್ರಾಗ ಲೆಕ್ಕ ಬರಿಯೋನು. ಇಲ್ಲಿ ಹಮಾಲರು ತಮ್ಮದೇ ಆರೋಗ್ಯ ನಿಧಿ ಮಾಡ್ತೀವಿ ಅಂತ ಹೊಂಟಾಗ ಶೀಟ್ ನನ್ನ ಕೈಗೆ ಬಂತು. 200 ಮಂದಿ, ತಿಂಗಳಿಗೆ 100 ರೂಪಾಯಿ, ಮೊದಲ 3 ವರ್ಷ ಬರೀ ಕಟ್ಟೋದು, ನಾಕನೇ ವರ್ಷದಿಂದ ದವಾಖಾನಿ ಖರ್ಚು ಕೊಡೋದು, ಅದು ವರ್ಷಕ್ಕ ಸುಮಾರು ನಾಕೂವರೆ ಲಕ್ಷ. 5 ವರ್ಷಕ್ಕ 12 ಲಕ್ಷ ಜಮಾ, 9 ಲಕ್ಷ ಖರ್ಚು, 3 ಲಕ್ಷ ಉಳಿತಾಯ, ಎಲ್ಲಾರಿಗೂ ಖುಷಿ.

ನನಗ ಮಾತ್ರ ಅಮೆರಿಕಾದ 2010ರ ಆರೋಗ್ಯ ಕಾಯ್ದೆ ನೆನಪಾತು. ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿ, ಸಿಬಿಒ ಅಂತಾರಲ್ಲ, ಅದು ಈ ಕಾಯ್ದೆಯಿಂದ 10 ವರ್ಷದಾಗ ಸರ್ಕಾರದ ಬಜೆಟ್ ಕೊರತೆ 14,300 ಕೋಟಿ ಡಾಲರ್ ಕಮ್ಮಿ ಆಗತೈತಿ ಅಂದಿತ್ತು. ಅದ್ರಾಗ ಸುಮಾರು 7,000 ಕೋಟಿ ಬಂದಿದ್ದು ಕ್ಲಾಸ್ ಅನ್ನೋ ಒಂದೇ ಯೋಜನೆಯಿಂದ, ಕೈಲಾಗದವರ ದಿನದ ಆರೈಕೆಗೆ ದುಡ್ಡು ಕೊಡೋ ವಿಮೆ ಅದು, ಆದ್ರ 5 ವರ್ಷ ಪ್ರೀಮಿಯಂ ಕಟ್ಟೋ ತನಕ ಯಾರಿಗೂ ಏನೂ ಸಿಗಂಗಿಲ್ಲ, ಅದಕ್ಕ ಆ 10 ವರ್ಷದ ಲೆಕ್ಕದಾಗ ಜಮಾನೇ ಜಾಸ್ತಿ ಕಾಣತಿತ್ತು. ಮುಂದಿನ ದಶಕಗಳಾಗ ಈ ಕ್ಲಾಸ್ ಯೋಜನೆ ಕೊರತೆ ಹೆಚ್ಚಸ್ತದ ಅಂತ ಸಿಬಿಒನೇ ಬರದಿತ್ತು, ಅದನ್ನ ಓದಿದವ್ರು ಕಮ್ಮಿ. 2011ರ ಅಕ್ಟೋಬರ್‌ನಾಗ ಸರ್ಕಾರ ಇದು ನಡಿಯಂಗಿಲ್ಲ ಅಂತ ಕೈಬಿಡ್ತು, 2013ರ ಜನವರಿಗೆ ಕಾನೂನಿಂದನೂ ತಗದ್ರು.

ನಮ್ಮ ಶೀಟೂ ಅದೇ ದಾರಿ ಹಿಡದಿತ್ತು. ನಾನು ಒಟ್ಟು ಮೊತ್ತ ಬಿಟ್ಟು ಒಂದೊಂದು ವರ್ಷಕ್ಕ ಒಂದು ಸಾಲು ಮಾಡಿ 10 ವರ್ಷದ ತನಕ ಎಳದೆ. ಆರನೇ ವರ್ಷಕ್ಕ 90 ಸಾವಿರ ಉಳೀತು, ಏಳನೇ ವರ್ಷ 1.2 ಲಕ್ಷ ಕಮ್ಮಿ ಬಿತ್ತು. ಆಮ್ಯಾಲೆ ಇನ್ನೊಂದು ಕಾಲಂ ಹಾಕಿ ಮಿಲ್ ಬಂದ್ ಇರೋ 2 ತಿಂಗಳ ಕಂತು ತಗದೆ, ಕೂಲಿ ಇಲ್ಲದ ತಿಂಗಳು ಯಾರು ಕಟ್ತಾರ್ರಿ? ಹಂಗ ನೋಡಿದ್ರ ಆರನೇ ವರ್ಷಕ್ಕನ ನಿಧಿ ಖಾಲಿ.

ಸಭಾದಾಗ ಇದನ್ನ ಓದಿ ಹೇಳಿದಾಗ ಒಬ್ಬ ಹಿರಿಯ ಹಮಾಲರು ಎದ್ದು, "ಸರ, ಏಳನೇ ವರ್ಷ ಚೀಲದ ಕೆಳಗ ಸಿಕ್ಕವ್ನು ಯಾರನ್ನ ಕೇಳ್ಬೇಕ್ರಿ?" ಅಂದ್ರು. ಅಷ್ಟೂ ಮಂದಿ ಸುಮ್ಮನಾದ್ರು, ನನಗ ರಾತ್ರಿ ನಿದ್ದಿ ಹತ್ತಲಿಲ್ಲ.

ಮುಂದಿನ ಸಭಾದಾಗ ಕಂತು 150ಕ್ಕ ಹೋತು, ಕಾಯೋದು 3ರ ಬದಲು 1 ವರ್ಷ, ಆಯಾ ವರ್ಷ ಬಂದ ಜಮಾಕ್ಕಿಂತ ಹೆಚ್ಚು ಕೊಡಬಾರದು ಅಂತ ಠರಾವು ಮಾಡಿದ್ವಿ. 3 ಲಕ್ಷ ಉಳಿತಾಯ ಅಂತಿದ್ದ ಸಾಲನ್ನ ಶೀಟ್‌ನಿಂದ ನಾನೇ ಅಳಸಿದೆ.